ಬೋಸರ ಲಾಳಿಕೆ

ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ವೈರ್‌ಲೆಸ್ ಬಗ್ಗೆ ಮಾತಾಡಲು ಕರೆದಿದ್ದೀರಿ. ನನಗೆ ಗೊತ್ತಿರುವುದು ಲಾಭ ನಷ್ಟದ ಲೆಕ್ಕ, ಆ ದಾರಿಯಿಂದಲೇ ಬರುತ್ತೇನೆ.

1897ರ ಜನವರಿಯಲ್ಲಿ ಜಗದೀಶಚಂದ್ರ ಬೋಸರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ತಮ್ಮ ಉಪಕರಣ ತೋರಿಸಿದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು ಪಳಗಿಸಿದ್ದ ಅಲೆಗಳಲ್ಲಿ ಅತಿ ಚಿಕ್ಕದರ ತರಂಗಾಂತರ ಸುಮಾರು 5 ಮಿಲಿಮೀಟರ್. ಇಂದಿನ ಮಾತಿನಲ್ಲಿ 60 ಗಿಗಾಹರ್ಟ್ಸ್. ರೇಡಿಯೋ ಅಲೆಯೂ ಬೆಳಕಿನಂತೆ ಬಾಗುತ್ತದೆ, ಪ್ರತಿಫಲಿಸುತ್ತದೆ ಎಂದು ಮೇಜಿನ ಮೇಲೆಯೇ ತೋರಿಸಬೇಕಿದ್ದರೆ ಅಲೆ ಅಷ್ಟು ಪುಟ್ಟದಾಗಿರಬೇಕಿತ್ತು. ಅಲೆಯನ್ನು ಹಿಡಿಯಲು ಎಣ್ಣೆ ಸುರಿಯುವ ಲಾಳಿಕೆಯಂಥ ಲೋಹದ ಬಾಯಿ ಮಾಡಿದರು. ಬಾಯಿ ತರಂಗಾಂತರದ ಕೆಲವು ಪಟ್ಟು ಅಗಲವಿದ್ದರೆ ಶಕ್ತಿ ಚದುರದೆ ಒಂದು ದಿಕ್ಕಿಗೆ ಕೂಡುತ್ತದೆ. ಅಲೆ ಮೀಟರುಗಟ್ಟಲೆ ಇದ್ದರೆ ಅದೇ ಲಾಳಿಕೆ ಕೋಣೆಯಷ್ಟು ದೊಡ್ಡದಾಗಬೇಕು. (ರೈಲ್ವೆ ವೇಳಾಪಟ್ಟಿಯ ಪುಟಗಳ ನಡುವೆ ತವರದ ಹಾಳೆ ಸೇರಿಸಿ ಅದನ್ನೂ ಒಂದು ಉಪಕರಣ ಮಾಡಿಕೊಂಡಿದ್ದರು ಮಹಾಶಯರು!)

ಆದರೆ ಆಗಿನ ಮಾರುಕಟ್ಟೆ ಹಣ ಕೊಡುತ್ತಿದ್ದುದು ದೂರಕ್ಕೆ. ಹಡಗಿಗೆ ಸಂದೇಶ ಮುಟ್ಟಬೇಕಿತ್ತು. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ದಾಟಿಸಿದ್ದು ಉದ್ದದ ಅಲೆಗಳಿಂದ. ಬೋಸರಿಗೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು, ಅದೂ ಅಲೆಯನ್ನು ಗುರುತಿಸುವ ಸಾಧನಕ್ಕೆ. ಲಾಳಿಕೆ ಮರೆತೇಹೋಯಿತು. 1930ರ ದಶಕದಲ್ಲಿ ಅಮೆರಿಕದ ಸೌತ್‌ವರ್ತ್ ಮತ್ತು ಬ್ಯಾರೋ ಹಾರ್ನ್ ಆಂಟೆನಾವನ್ನು ಮತ್ತೆ ಬಳಕೆಗೆ ತಂದರು. ನಾವು ಹೊರದೇಶದಲ್ಲಿ ಕೂತವರು ಬೋಸರ ಹೆಸರೆತ್ತಿದರೆ ಮಾರ್ಕೋನಿ ಕದ್ದನೆಂಬ ದೂರಿಗೇ ಇಳಿಯುತ್ತೇವೆ. ನನಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ಇಬ್ಬರ ಗುರಿ ಬೇರೆ, ಅಲೆಯೂ ಬೇರೆ. ದೂರನ್ನೇ ಹಿಡಿದು ಕೂತರೆ ಬೋಸರ ನಿಜವಾದ ಆಸ್ತಿ ನಮ್ಮ ಕಣ್ಣಿಗೆ ಬೀಳುವುದಿಲ್ಲ.

60 ಗಿಗಾಹರ್ಟ್ಸ್ ಅಲೆಯನ್ನು ಗಾಳಿಯ ಆಮ್ಲಜನಕವೇ ನುಂಗುತ್ತದೆ. ಕಿಲೋಮೀಟರಿಗೆ ಸುಮಾರು 15 ಡೆಸಿಬೆಲ್, ಅಂದರೆ ಸಹಜವಾಗಿ ಹರಡಿ ಉಳಿದದ್ದರಲ್ಲೂ ಮೂವತ್ತರಲ್ಲೊಂದು ಪಾಲು ಮಾತ್ರ ಮುಟ್ಟುತ್ತದೆ. ಗೋಡೆಯನ್ನಂತೂ ದಾಟುವುದೇ ಕಷ್ಟ. ಹಡಗಿನವನಿಗೆ ಇದು ಶುದ್ಧ ನಷ್ಟ. ಹತ್ತು ಮೀಟರಿನ ಕೋಣೆಯಲ್ಲಿ ಆಮ್ಲಜನಕದ ಪಾಲು ಲೆಕ್ಕಕ್ಕಿಲ್ಲ. ಅಲೆ ಹೊರಗೆ ಸೋರದ ಕಾರಣ ಪಕ್ಕದ ಮನೆಯವರೂ ಅದೇ ಫ್ರೀಕ್ವೆನ್ಸಿ ಬಳಸಬಹುದು. 1995ರಲ್ಲಿ ಅಮೆರಿಕ 59ರಿಂದ 64 ಗಿಗಾಹರ್ಟ್ಸ್‌ವರೆಗೆ ಲೈಸೆನ್ಸಿಲ್ಲದ ಬಳಕೆಗೆ ಬಿಟ್ಟಿತು. 2012ರಲ್ಲಿ ಬಂದ ವೈಗಿಗ್ ಮಾನದಂಡ ಸೆಕೆಂಡಿಗೆ ಸುಮಾರು 7 ಗಿಗಾಬಿಟ್‌ವರೆಗೆ ಹೋಯಿತು.

ಈಗ ಲಾಳಿಕೆಯ ಜಾಗದಲ್ಲಿ ಎರಡು ಮೂರು ಮಿಲಿಮೀಟರಿನ ಆಂಟೆನಾಗಳ ಸಾಲುಗಳಿವೆ. ಒಂದೊಂದಕ್ಕೂ ಸಂಕೇತವನ್ನು ಕೊಂಚ ಹಿಂದೆಮುಂದೆ ಮಾಡಿ ಕೊಟ್ಟರೆ ಕಿರಣ ತಾನೇ ತಿರುಗುತ್ತದೆ. ನಡುವೆ ಯಾರಾದರೂ ಕಾಫಿ ಲೋಟ ಹಿಡಿದು ಅಡ್ಡ ಬಂದರೆ, ಗೋಡೆಗೆ ಬಡಿಸಿ ಬೇರೆ ದಾರಿಯಿಂದ ಮುಟ್ಟಿಸುತ್ತದೆ. ಬೋಸರು ತಮ್ಮದನ್ನು ಕೈಯಿಂದ ತಿರುಗಿಸಬೇಕಿತ್ತು.