ಮದ್ದಿನ ಅಳತೆ

ಅಬಿಡ್ಸ್‌ನಿಂದ ಬಶೀರ್‌ಬಾಗಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ‘ಗನ್‌ಫೌಂಡ್ರಿ’ ಎಂದು ಕೂಗಿದರೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಸ್ಟೇಟ್ ಬ್ಯಾಂಕು, ಇಲ್ಲವೆ ಮಕ್ಕಳ ಶಾಲೆ. ಹಳಬರ ಬಾಯಲ್ಲಿ ಆ ಜಾಗ ‘ತೋಪ್ ಕಾ ಸಾಂಚಾ’. ಸಾಂಚಾ ಎಂದರೆ ಅಚ್ಚು. ತೋಪುಗಳನ್ನು ಅಚ್ಚಿನಲ್ಲಿ ಎರೆಯುತ್ತಿದ್ದ ಸ್ಥಳ. ಫತೇ ಮೈದಾನದ ಹತ್ತಿರ ದಪ್ಪ ಇಟ್ಟಿಗೆಯ ಗೋಡೆಗಳು ಇಂದಿಗೂ ಉಳಿದಿವೆ. ನಾನು ಇಪ್ಪತ್ತು ವರ್ಷ ಆ ದಾರಿಯಲ್ಲೇ ಕಛೇರಿಗೆ ಹೋಗಿ ಬಂದವನು. ಒಂದು ದಿನವೂ ಇಳಿದು ನೋಡಿರಲಿಲ್ಲ. ನಿವೃತ್ತಿಯಾದ ಮೇಲೆ ನೋಡಿದೆ.

ತೋಪಿನ ಕಥೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ನನ್ನ ಕುತೂಹಲವಿರುವುದು ಅದರೊಳಗೆ ಹೋಗುತ್ತಿದ್ದ ಮದ್ದಿನ ಮೇಲೆ. ಈ ಶಬ್ದವನ್ನೇ ನೋಡಿರಿ. ಕನ್ನಡದಲ್ಲಿ ಮದ್ದು ಎಂದರೆ ಔಷಧಿ, ಕೋವಿಗೆ ತುಂಬುವ ಪುಡಿಯೂ ಮದ್ದೇ. ನಮ್ಮ ನೆರೆಯ ತೆಲುಗರು ‘ಮಂದು’ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಹೇಳುತ್ತಾರೆ. ಮರಾಠಿಯ ‘ದಾರೂಗೋಳಾ’ದಲ್ಲಿರುವ ದಾರೂ ಸಹ ಪಾರಸಿಯಲ್ಲಿ ಮೂಲತಃ ಔಷಧಿಯೇ. ದಖ್ಖನಿನ ಮೂರು ಭಾಷೆಗಳೂ ಸಿಡಿಮದ್ದನ್ನು ವೈದ್ಯನ ಅಂಗಡಿಯ ಸರಕಿನ ಹೆಸರಿನಿಂದಲೇ ಕರೆದವು. ಇದು ಆಕಸ್ಮಿಕವಿರಲಾರದು. ಪೆಟ್ಲುಪ್ಪು, ಗಂಧಕ, ಇದ್ದಲು ಇವನ್ನು ತೂಗಿ, ಅರೆದು, ಬೆರೆಸಿ, ಅಲ್ಪಪ್ರಮಾಣದಲ್ಲಿ ಪರೀಕ್ಷಿಸಿ ನೋಡುವ ಕ್ರಮವೂ ಒಂದು ಬಗೆಯ ವೈದ್ಯಕ್ರಮವೇ. ಪಾಲು ತಪ್ಪಿದರೆ ಗುಣ ಕೊಡುವುದಿಲ್ಲ. ಮಾತ್ರೆ ಮೀರಿದರೆ ಪ್ರಾಣಕ್ಕೇ ಸಂಚಕಾರ.

ಈ ವಿದ್ಯೆ ನಮ್ಮ ಕಡೆಗೆ ಬಂದ ದಾರಿಯಲ್ಲಿ ಬೀದರಿನ ಮಹಮೂದ್ ಗವಾನನ ಹೆಸರು ಮುಖ್ಯವಾದುದು. 1470ರ ದಶಕದ ಆರಂಭದಲ್ಲಿ ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದ ಬಹಮನಿ ಸೈನ್ಯ ಗೋಡೆಯಡಿ ಸುರಂಗ ಕೊರೆದು ಮದ್ದು ತುಂಬಿ ಸಿಡಿಸಿತೆಂದು ಫೆರಿಷ್ತಾ ಬರೆದಿದ್ದಾನೆ. ದಖ್ಖನಿನಲ್ಲಿ ಅದುವರೆಗೆ ಕಾಣದ ಯುಕ್ತಿ ಅದು. ಅದೇ ಗವಾನ್ ಬೀದರಿನಲ್ಲಿ ಮದರಸಾ ಕಟ್ಟಿಸಿದ. ಮುಂದೆ ಮೊಗಲರ ಕೈಗೆ ಬೀದರು ಬಂದಾಗ ಆ ವಿದ್ಯಾಲಯದ ಕೋಣೆಗಳಲ್ಲಿ ಮದ್ದನ್ನು ತುಂಬಿಟ್ಟರು. 1690ರ ದಶಕದಲ್ಲಿ ಸಿಡಿಲು ಬಡಿದು, ಮದ್ದು ಹೊತ್ತಿ, ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಬೀದರಿನಿಂದ ಬಂದ ನಮ್ಮ ಸದಸ್ಯರೆಲ್ಲರೂ ಆ ಮುರಿದ ಮೂಲೆಯನ್ನು ಬಲ್ಲರು.

ಗೋಲ್ಕೊಂಡದ ಮುತ್ತಿಗೆಯಲ್ಲಿ, 1687ರಲ್ಲಿ, ಇನ್ನೊಂದು ಸ್ವಾರಸ್ಯ ನಡೆಯಿತು. ಔರಂಗಜೇಬನ ಕಡೆಯವರು ತಿಂಗಳುಗಟ್ಟಲೆ ಅಗೆದು ಸುರಂಗಗಳಲ್ಲಿ ಮದ್ದು ತುಂಬಿದರು. ಕೋಟೆಯವರು ಒಳಗಿನಿಂದ ಎದುರುಸುರಂಗ ತೋಡಿ ಕೆಲವು ಕಡೆ ಮದ್ದನ್ನೇ ಹೊತ್ತೊಯ್ದರು, ಕೆಲವು ಕಡೆ ನೀರು ಸುರಿದರು. ಬತ್ತಿ ಇಟ್ಟಾಗ ಸಿಡಿದದ್ದು ಹೊರಮುಖವಾಗಿ. ಸತ್ತವರು ಮೊಗಲ್ ಸೈನಿಕರು. ಒದ್ದೆ ಮದ್ದು ಮಣ್ಣಿಗೆ ಸಮ ಎಂಬುದನ್ನು ಗೋಲ್ಕೊಂಡದವರು ಚೆನ್ನಾಗಿ ತಿಳಿದಿದ್ದರು. ಕೋಟೆ ಕೊನೆಗೆ ಬಿದ್ದದ್ದು ಮದ್ದಿನಿಂದಲ್ಲ, ಲಂಚಕ್ಕೆ ತೆರೆದ ಬಾಗಿಲಿನಿಂದ.

ಈಗ ಮೊನ್ಸಿಯೂರ್ ರೇಮಂಡನ ವಿಷಯ. ಹುಟ್ಟಿದ್ದು 1755ರಲ್ಲಿ ಫ್ರಾನ್ಸಿನ ಗ್ಯಾಸ್ಕನಿಯಲ್ಲಿ. 1775ರಲ್ಲಿ ಪಾಂಡಿಚೇರಿಗೆ ಬಂದ. ಕೆಲಕಾಲ ಮೈಸೂರಿನ ಕಡೆಯ ಫ್ರೆಂಚ್ ದಳದಲ್ಲಿದ್ದ. ಅನಂತರ ಬುಸ್ಸಿಯ ಬಳಿ ಇದ್ದು, ಅವನು ತೀರಿಕೊಂಡ ಮೇಲೆ 1786ರಲ್ಲಿ ನಿಜಾಮ್ ಅಲಿ ಖಾನನ ಚಾಕರಿಗೆ ಸೇರಿದ. ಆರಂಭದಲ್ಲಿ ಅವನಿಗಿದ್ದದ್ದು ಸುಮಾರು ಮುನ್ನೂರು ಜನ. ಬಂದೂಕುಗಳೋ, ತನ್ನದೇ ದೇಶದ ಒಬ್ಬ ವರ್ತಕನಿಂದ ಒಂದಕ್ಕೆ ತಿಂಗಳಿಗೆ ಎಂಟಾಣೆಯಂತೆ ಬಾಡಿಗೆಗೆ ತಂದವು ಎಂದು ಬ್ರಿಟಿಷ್ ಲೇಖಕರು ಬರೆದಿದ್ದಾರೆ. ಮದುವೆ ಮನೆಗೆ ಪಾತ್ರೆ ತಂದ ಹಾಗೆ! ಬಾಡಿಗೆ ಬಂದೂಕಿನಿಂದ ಬಾಳು ಸಾಗದೆಂದು ಅರಿತವನು ತನ್ನದೇ ಕಾರಖಾನೆ ಹೂಡಿದ. ಹತ್ತು-ಹನ್ನೆರಡು ವರ್ಷಗಳಲ್ಲಿ ಮುನ್ನೂರು ಜನ ಹದಿನಾಲ್ಕು ಸಾವಿರವಾದರು.

ಇಷ್ಟು ಜನರ ಕೈಗೆ ಬಂದೂಕು ಕೊಟ್ಟರೆ ಸಾಲದು, ಪ್ರತಿ ಈಡಿಗೂ ಮದ್ದು ಒಂದೇ ಅಳತೆಯಲ್ಲಿರಬೇಕು. ಅಂದಿನ ರೀತಿಯನ್ನು ಸ್ವಲ್ಪ ವಿವರಿಸಿದರೆ ವಾಚಕರಿಗೆ ಬೇಸರವಾಗದೆಂದು ನಂಬಿದ್ದೇನೆ. ಮದ್ದಿನಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಪೆಟ್ಲುಪ್ಪೇ. ಹಳೆಯ ಗೋಡೆ, ಕೊಟ್ಟಿಗೆಗಳ ಮಣ್ಣನ್ನು ನೀರಿನಲ್ಲಿ ಕರಗಿಸಿ, ಸೋಸಿ, ಕುದಿಸಿ ಅದನ್ನು ತೆಗೆಯುತ್ತಿದ್ದರು. ಅಡಿಗೆ ಉಪ್ಪಿನ ಅಂಶ ಉಳಿದರೆ ಮಳೆಗಾಲದಲ್ಲಿ ಮದ್ದು ತೇವ ಹೀರಿ ಕೆಡುತ್ತಿತ್ತು. ಕೇವಲ ಪುಡಿಯಾಗಿ ಬೆರೆಸಿದ್ದು ಗಾಡಿಯ ಕುಲುಕಾಟಕ್ಕೆ ಬೇರ್ಪಡುತ್ತದೆಂದು ನೀರು ಚಿಮುಕಿಸಿ, ಒತ್ತಿ, ರವೆಯಂತೆ ಕಾಳು ಮಾಡಿ, ಜರಡಿ ಹಿಡಿದು ವಿಂಗಡಿಸುತ್ತಿದ್ದರು. ತೋಪಿಗೆ ದಪ್ಪ ಕಾಳು, ಬಂದೂಕಿಗೆ ಸಣ್ಣದು, ಪಿಸ್ತೂಲಿಗೂ ಕಿವಿಯ ಮೇಲೆ ಇಡುವ ರಂಜಕಕ್ಕೂ ಇನ್ನೂ ನುಣುಪಾದದ್ದು. ಸಣ್ಣ ಕಾಳು ಬೇಗ ಉರಿಯುತ್ತದೆ. ಪಿಸ್ತೂಲಿನ ನಳಿಗೆ ಗಿಡ್ಡ, ಗುಂಡು ಹೊರಬೀಳುವ ಮೊದಲೇ ಮದ್ದು ಉರಿದು ಮುಗಿಯಬೇಕಲ್ಲವೆ!

ಹೊಸ ಮದ್ದನ್ನು ಯಾರೂ ನಂಬುತ್ತಿರಲಿಲ್ಲ. ಫ್ರಾನ್ಸಿನಲ್ಲಿ 1686ರಿಂದಲೇ ಸರಕಾರಿ ಕಟ್ಟಳೆಯಿತ್ತು: ಗೊತ್ತಾದ ತೂಕದ ಮದ್ದನ್ನು ಗಿಡ್ಡ ತೋಪಿಗೆ ಹಾಕಿ, ಗೊತ್ತಾದ ತೂಕದ ಗುಂಡು ಎಷ್ಟು ದೂರ ಬೀಳುತ್ತದೆಂದು ಅಳೆದು, ಆಮೇಲೆ ಉಗ್ರಾಣಕ್ಕೆ ತೆಗೆದುಕೊಳ್ಳುವುದು. ಮಲೆನಾಡು, ಕೊಡಗುಗಳ ಕೇಪಿನ ಕೋವಿಯವರಿಗೆ ಇಂಥ ಯಂತ್ರವಿರಲಿಲ್ಲ. ಅವರ ನಿಯಮ ಕಣ್ಣಿನದು, ಕಿವಿಯದು, ಹೆಗಲಿನದು. ಕಡಿಮೆಯಿಂದ ಆರಂಭಿಸಿ, ಮರಕ್ಕೆ ಹೊಡೆದು, ಸದ್ದನ್ನೂ ಒದೆತವನ್ನೂ ಗಮನಿಸಿ, ತಮ್ಮ ಕೋವಿಗೆ ಒಗ್ಗುವ ಅಳತೆಯನ್ನು ಕಂಡುಕೊಂಡು ಅದಕ್ಕೆ ಸರಿಯಾಗಿ ಒಂದು ಬಿದಿರಿನ ತುಂಡು ಕೊಯ್ದಿಟ್ಟುಕೊಳ್ಳುತ್ತಿದ್ದರು. ನಮ್ಮ ಸೋದರಮಾವನ ಮನೆಯಲ್ಲಿ ಅಂಥದೊಂದು ತುಂಡು ಕೋವಿ ಮಾರಿದ ಮೇಲೂ ಬಹುಕಾಲ ಮೊಳೆಗೆ ತೂಗುತ್ತಿತ್ತು. ಅದನ್ನು ಬೇರೊಬ್ಬರ ಕೋವಿಗೆ ಬಳಸಲು ಮಾವ ಬಿಡುತ್ತಿರಲಿಲ್ಲವಂತೆ.

ಸೈನ್ಯದಲ್ಲಿ ಇಂಥ ವಿವೇಚನೆಗೆ ಎಡೆಯಿಲ್ಲ. ಅಲ್ಲಿ ಒಂದು ಈಡಿನ ಮದ್ದನ್ನೂ ಗುಂಡನ್ನೂ ಕಾಗದದಲ್ಲಿ ಸುತ್ತಿ ತೋಟೆ ಮಾಡಿ ಹಂಚುತ್ತಿದ್ದರು. ಸಿಪಾಯಿ ಹಲ್ಲಿನಿಂದ ಹರಿದು, ಸುರಿದು, ಗಜದಿಂದ ಜಡಿದು ಹಾರಿಸುತ್ತಿದ್ದ. ಆ ಹಲ್ಲಿಗೆ ತಾಗುವ ಕಾಗದದಿಂದ 1857ರಲ್ಲಿ ಏನಾಯಿತೆಂಬುದು ಸರ್ವವಿದಿತ.

ರೇಮಂಡನ ದಳದ ಮದ್ದು ಕನ್ನಡ ನೆಲದಲ್ಲಿಯೂ ಉರಿದಿದೆ. 1795ರಲ್ಲಿ, ಖರ್ಡಾದಲ್ಲಿ ಮರಾಠರಿಂದ ಸೋಲಾದ ಕೆಲವೇ ತಿಂಗಳಿಗೆ, ನಿಜಾಮನ ಮಗ ಅಲೀ ಜಾಹ್ ತಂದೆಯ ಮೇಲೆ ದಂಗೆಯೆದ್ದು ಬೀದರನ್ನು ಹಿಡಿದ. ಅವನ ಬೆನ್ನಟ್ಟಿ ಸೆರೆಹಿಡಿದವನು ರೇಮಂಡ್. ರಾಜಧಾನಿಗೆ ಕರೆತರುವಾಗ ರಾಜಕುಮಾರ ವಿಷ ಸೇವಿಸಿ ಸತ್ತನೆಂದು ವರದಿ. ರೇಮಂಡನೂ 1798ರ ಮಾರ್ಚ್ 25ರಂದು ಹಠಾತ್ತನೆ ತೀರಿಕೊಂಡಾಗ ‘ಮದ್ದು ಹಾಕಿದರು’ ಎಂಬ ಗುಸುಗುಸು ಎದ್ದಿತು. ನಮ್ಮ ಶಬ್ದದ ಮೂರನೆಯ ಅರ್ಥ ಇದು! ಹಿಂದೂಗಳು ಮೂಸಾ ರಾಮ್ ಎಂದೂ ಮುಸಲ್ಮಾನರು ಮೂಸಾ ರಹೀಮ್ ಎಂದೂ ಅವನನ್ನು ಕರೆದರು. ಮೂಸಾರಾಂಬಾಗ್ ಎಂಬ ಬಡಾವಣೆ ಆ ಹೆಸರನ್ನು ಉಳಿಸಿಕೊಂಡಿದೆ. ಸರೂರ್‌ನಗರದ ಕಡೆ ಗುಡ್ಡದ ಮೇಲೆ ಅವನ ಗೋರಿಯಿದೆ.

ಅವನು ಸತ್ತ ವರ್ಷವೇ ಸೆಪ್ಟೆಂಬರಿನಲ್ಲಿ ನಿಜಾಮನು ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡ. ಅಕ್ಟೋಬರ್ 22ರಂದು ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ ಮತ್ತು ಅವನ ಸಹಾಯಕ ಮಾಲ್ಕಮ್ ಸೇರಿ, ಸಂಬಳ ಬಾಕಿಗಾಗಿ ತಮ್ಮ ನಾಯಕನನ್ನೇ ಕೂಡಿಹಾಕಿದ್ದ ಆ ದಳವನ್ನು ಸುತ್ತುವರಿದು ಶಸ್ತ್ರ ಕೆಳಗಿಡಿಸಿದರು. ಒಂದು ಗುಂಡೂ ಹಾರಲಿಲ್ಲ. ಕೆಲವೇ ತಿಂಗಳಲ್ಲಿ ಅದೇ ಸಿಪಾಯಿಗಳಲ್ಲಿ ಹಲವರು ನಿಜಾಮನ ಸೈನ್ಯದೊಂದಿಗೆ ಮಾಲ್ಕಮನ ಕೈಕೆಳಗೆ ಶ್ರೀರಂಗಪಟ್ಟಣಕ್ಕೆ ನಡೆದರು. ಫ್ರೆಂಚರಿಂದ ಕಲಿತ ಕವಾಯತು, ಇಂಗ್ಲಿಷರ ಪಕ್ಷ, ಎದುರಿಗೆ ಟಿಪ್ಪು! 1799ರ ಮೇ 2ರಂದು ಕೋಟೆಯೊಳಗಿನ ಮದ್ದಿನ ಉಗ್ರಾಣ ಸಿಡಿಯಿತು. ಎರಡು ದಿನಕ್ಕೆ ಎಲ್ಲವೂ ಮುಗಿಯಿತು. ಈ ನಗರದ ಇತಿಹಾಸ ಬರೆಯುವವರು ಈ ಮಾತನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನಮಗೆ ಅದು ಸಾಧ್ಯವಾಗುವುದಿಲ್ಲ.

ಕೊನೆಗೆ ಒಂದು ಪಿಸ್ತೂಲಿನ ಕಥೆ. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ಬಿದ್ದು, ಸೋತು, ಹೈದರಾಬಾದಿಗೆ ಬಂದು ಇಲ್ಲಿ ಸೆರೆಯಾದ. ಮರಣದಂಡನೆ ಇಳಿಯುತ್ತ ಇಳಿಯುತ್ತ ನಾಲ್ಕು ವರ್ಷದ ಸೆರೆವಾಸಕ್ಕೆ ಬಂದಿತು. ಚೆಂಗಲ್ಪಟ್ಟಿನ ಕೋಟೆಗೆ ಕರೆದೊಯ್ಯುತ್ತಿದ್ದಾಗ, ಮೊದಲನೆಯ ಬಿಡಾರದಲ್ಲೇ, ಕಾವಲಿನ ಅಧಿಕಾರಿಯ ರಿವಾಲ್ವರ್ ಎತ್ತಿಕೊಂಡು ತನ್ನನ್ನು ತಾನೇ ಸುಟ್ಟುಕೊಂಡನೆಂದು, ಬಾಲಕನಾಗಿದ್ದಾಗ ಅವನನ್ನು ಸಾಕಿ ಸಲಹಿದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಸುರಪುರದ ಕಡೆ ಈ ಮಾತನ್ನು ಒಪ್ಪದವರು ಈಗಲೂ ಇದ್ದಾರೆ; ಕೊಂದರು ಎಂದೇ ಅವರ ನಂಬಿಕೆ. ಆ ಕಾಲದ ರಿವಾಲ್ವರುಗಳು ಬಹುಮಟ್ಟಿಗೆ ಕೈಯಿಂದಲೇ ತುಂಬುವಂಥವು: ಒಂದೊಂದು ಕೋಣೆಗೂ ಅಳೆದ ಮದ್ದು, ಅದರ ಮೇಲೆ ಗುಂಡು, ಹಿಂದೆ ಕೇಪು. ಯಾವನೋ ಒಬ್ಬ ಬೆಳಗಿನ ಹೊತ್ತು ಕುಳಿತು ಒಣಮದ್ದು ನೋಡಿ ತುಂಬಿಟ್ಟಿದ್ದ. ರಾಜನಿಗೆ ಆಗ ಇಪ್ಪತ್ತನಾಲ್ಕರ ಆಸುಪಾಸು. 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಇನಾಮಿನಂತೆ ಒಪ್ಪಿಸಿದರು. ಹಾಗೆ ಆ ಊರು ಹೈದರಾಬಾದು ಸಂಸ್ಥಾನಕ್ಕೆ ಸೇರಿತು. ಹಾಗೆಯೇ ಅಲ್ಲಿಯ ಮಕ್ಕಳು ಓದಲಿಕ್ಕೆಂದು ಈ ನಗರಕ್ಕೆ ಬರತೊಡಗಿದರು. ನಮ್ಮ ಸಂಘದ ಹಳೆಯ ಸದಸ್ಯರಲ್ಲಿ ಅಂಥವರು ಹಲವರಿದ್ದರು.