ಮಧ್ಯದ ಲೈನ್‌ಬ್ಯಾಕರ್ ಸ್ಥಾನವೂ ಸ್ಯಾಮ್ ಹಫ್‌ನ ಮೊದಲ ವರ್ಷವೂ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ರಕ್ಷಣಾ ಪಡೆಯ ಮುಂಚೂಣಿ ಸಾಲಿಗೆ ಕೆಲವೇ ಹೆಜ್ಜೆ ಹಿಂದೆ ನಿಂತು, ಚೆಂಡು ಹಿಡಿದು ಓಡುವವನನ್ನು ಕೆಡವುವ ಮತ್ತು ಎದುರಾಳಿಯ ಪಾಸನ್ನು ತಡೆಯುವ ಎರಡು ಹೊಣೆಗಳನ್ನೂ ಹೊರುವ ಆಟಗಾರನೇ ಲೈನ್‌ಬ್ಯಾಕರ್. ಪಾಸುಗಳ ಬಳಕೆ ಹೆಚ್ಚಿದಂತೆ, ಮುಂಚೂಣಿಯ ನಡುವೆ ಬಾಗಿ ನಿಲ್ಲುತ್ತಿದ್ದ ರಕ್ಷಕನು 1950ರ ದಶಕದಲ್ಲಿ ಹಿಂದೆ ಸರಿದು ನೆಟ್ಟಗೆ ನಿಂತಾಗ, ಸಾಲಿನಲ್ಲಿ ನಾಲ್ವರೂ ಅವರ ಹಿಂದೆ ಮೂವರೂ ಇರುವ ‘ನಾಲ್ಕು-ಮೂರು’ ವ್ಯೂಹ ನೆಲೆಗೊಂಡು, ಮಧ್ಯದ ಲೈನ್‌ಬ್ಯಾಕರ್ ಎಂಬ ಹೊಸ ಸ್ಥಾನ ಹುಟ್ಟಿತು.

ಈ ಸ್ಥಾನಕ್ಕೆ ಹೆಸರು ತಂದ ಸ್ಯಾಮ್ ಹಫ್, ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿ ಕಾರ್ಮಿಕನ ಮಗ. ವಿಶ್ವವಿದ್ಯಾಲಯದಲ್ಲಿ ಮುಂಚೂಣಿ ಸಾಲಿನಲ್ಲಿ ಆಡಿದ್ದ ಅವನನ್ನು 1956ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡವು ಡ್ರಾಫ್ಟ್, ಅಂದರೆ ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಪದ್ಧತಿಯ ಮೂರನೆಯ ಸುತ್ತಿನಲ್ಲಿ ಆರಿಸಿತು. ವೃತ್ತಿಪರರ ನಡುವೆ ಅವನ ಮೈಕಟ್ಟು ಮುಂಚೂಣಿಗೆ ಸಾಲದಾಗಿ, ಎಲ್ಲಿ ನಿಲ್ಲಿಸಬೇಕೆಂಬುದು ತರಬೇತುದಾರರಿಗೂ ತೋಚದೆ, ಅವನು ಮನನೊಂದು ಶಿಬಿರ ತೊರೆದು ಊರಿಗೆ ಹೊರಟಾಗ, ಸಹಾಯಕ ತರಬೇತುದಾರ ವಿನ್ಸ್ ಲೊಂಬಾರ್ಡಿ ವಿಮಾನ ನಿಲ್ದಾಣದಲ್ಲೇ ತಡೆದು ಹಿಂದಕ್ಕೆ ಕರೆತಂದನು. ಮಧ್ಯದಲ್ಲಿ ಆಡುತ್ತಿದ್ದ ರೇ ಬೆಕ್ ಗಾಯಗೊಂಡಾಗ ಆ ಜಾಗ ಹಫ್‌ಗೆ ದೊರೆಯಿತು. ಆದರೆ ನಿಜವಾದ ಕಷ್ಟ ದೇಹದ್ದಕ್ಕಿಂತ ಬುದ್ಧಿಯದು: ರಕ್ಷಣೆಯ ಹೊಣೆ ಹೊತ್ತಿದ್ದ ಟಾಮ್ ಲ್ಯಾಂಡ್ರಿಯ ಪದ್ಧತಿಯಲ್ಲಿ ಆಟಗಾರನು ಚೆಂಡಿನ ಬೆನ್ನು ಹತ್ತದೆ, ಎದುರಾಳಿಗಳ ಮೊದಲ ಚಲನೆಯಿಂದ ಆಟದ ದಿಕ್ಕನ್ನು ಊಹಿಸಿ, ತನಗೆ ವಹಿಸಿದ ಸಂದನ್ನು ಕಾಯಬೇಕಾಗಿತ್ತು. ನುಗ್ಗುವುದನ್ನೇ ಶೌರ್ಯವೆಂದು ಬಗೆದ ಯುವಕನಿಗೆ ಈ ಸಂಯಮಕ್ಕಿಂತ ಕಠಿಣ ಪಾಠ ಇರಲಾರದು. ಅದೇ ಡಿಸೆಂಬರ್‌ನಲ್ಲಿ ಜೈಂಟ್ಸ್ ತಂಡವು ಶಿಕಾಗೋ ಬೇರ್ಸ್ ತಂಡವನ್ನು 47-7ರಿಂದ ಸೋಲಿಸಿ ಚಾಂಪಿಯನ್ ಆದಾಗ, ಹಫ್ ಮೊದಲಿನಿಂದಲೇ ಕಣದಲ್ಲಿದ್ದನು.