ಆರತಕ್ಷತೆಗೊಂದು ಅರಮನೆ

ತಂಗಿ ಮಗಳ ಆರತಕ್ಷತೆ ಮೈಸೂರಿನ ಲಲಿತಮಹಲ್‌ನಲ್ಲಿ ಅಂತ ಮನೆಯಲ್ಲಿ ಮಾತಾಯ್ತು. 1921ರಲ್ಲಿ ವೈಸ್‌ರಾಯ್‌ಗಾಗಿ ಕಟ್ಟಿಸಿದ್ದು, 1974ರಲ್ಲಿ ಹೋಟೆಲ್ ಆದದ್ದು. "ವೇದಿಕೆ, ಕ್ಯೂ ಯಾವುದೂ ಬೇಡ ಮಾವ. ಹುಲ್ಲಿನ ಮೇಲೆ ಕೂತು ಹರಟೋಣ, ಸುತ್ತ ಪಂಜು ಹಚ್ಚೋಣ" ಅಂದಳು. ಎಲ್ಲಕ್ಕೂ ಹೂಂ ಅಂದೆ, ಪಂಜು ಮಾತ್ರ ಬೇಡ ಅಂದೆ.

ಈ ಊರಿನ ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋದದ್ದೇ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ! 1900ರಲ್ಲಿ ನಾಲ್ವಡಿಯವರ ಮದುವೆ ಜಗನ್ಮೋಹನ ಅರಮನೆಯಲ್ಲಿ ನಡೆಯಿತು. ಹೊಸ ಅರಮನೆ ಮುಗಿದದ್ದು 1912ಕ್ಕೆ. ಅದರ ಕಲ್ಯಾಣ ಮಂಟಪದ ಕಂಬಗಳನ್ನು ನೋಡಿದ್ದೀರಲ್ಲ, ಅವು ಎರಕದ ಕಬ್ಬಿಣದವು.

ಹುಡುಗಿ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದಳು. ಆಮೇಲೆ, "ಸರಿ, ಅವತ್ತು ಈ ಕಥೇನ ಎಲ್ರಿಗೂ ನೀವೇ ಹೇಳ್ಬೇಕು" ಅಂದಳು.

ಪಂಜಿನ ಬದಲು ಈಗ ನಾನು :-)